ರಕ್ತದ ಹರಿವಿನ ವೇಗ ಅಳೆಯಲು ಯಾವ ಡಾಪ್ಲರ್? ಹೊಸ ಯಂತ್ರ ಕೊಳ್ಳುವ ಮೊದಲು ತೂಗಿ ನೋಡಬೇಕಾದ ಆಯ್ಕೆಗಳು

ಒಬ್ಬರೇ ರೋಗಿಯ ಕತ್ತಿನ ಕ್ಯಾರೊಟಿಡ್ ಅಪಧಮನಿಯನ್ನು ಎರಡು ಸೆಂಟರುಗಳಲ್ಲಿ ಡಾಪ್ಲರ್ ಸ್ಕ್ಯಾನ್ (ಹರಿಯುವ ರಕ್ತದಿಂದ ಮರಳುವ ಶಬ್ದದ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ವೇಗ ಅಳೆಯುವ ಅಲ್ಟ್ರಾಸೌಂಡ್) ಮಾಡಿದಾಗ ಒಂದು ವರದಿಯಲ್ಲಿ ರಕ್ತದ ವೇಗವು ಸೆಕೆಂಡಿಗೆ 183 ಸೆಂ.ಮೀ. ಎಂದೂ ಇನ್ನೊಂದರಲ್ಲಿ 248 ಸೆಂ.ಮೀ. ಎಂದೂ ಬರಬಹುದು. ಎರಡೂ ಯಂತ್ರಗಳು ಸರಿಯಾಗಿಯೇ ಇದ್ದು, ಸ್ಕ್ಯಾನ್ ಮಾಡಿದವರಿಬ್ಬರೂ ಅನುಭವಿಗಳೇ ಆಗಿದ್ದರೂ ಹೀಗಾಗುತ್ತದೆ. ಇಂಥ ವ್ಯತ್ಯಾಸ ಕಂಡ ಸ್ಕ್ಯಾನಿಂಗ್ ಸೆಂಟರಿನವರು, ರೇಡಿಯಾಲಜಿ ಓದುತ್ತಿರುವವರು ಮತ್ತು ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಳತೆಯನ್ನು ಸುಧಾರಿಸಲು ಇರುವ ಯಂತ್ರವನ್ನೇ ಇನ್ನಷ್ಟು ಎಚ್ಚರದಿಂದ ಬಳಸಬೇಕೇ, ಹರಿವಿನ ದಿಕ್ಕನ್ನೂ ಲೆಕ್ಕ ಹಾಕುವ ವೆಕ್ಟರ್ ಫ್ಲೋ ಇರುವ ಹೊಸ ಯಂತ್ರ ತರಬೇಕೇ, ಅಥವಾ ವೇಗದ ಸಂಖ್ಯೆಯನ್ನೇ ಬಿಟ್ಟು ವೇಗಗಳ ನಡುವಿನ ಅನುಪಾತಗಳನ್ನು ನೆಚ್ಚಬೇಕೇ? ಆಯ್ಕೆಗಳನ್ನು ಒಂದೊಂದಾಗಿ ನೋಡುವ ಮೊದಲು ಅವುಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ತೂಗುವ ಮಾನದಂಡಗಳು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಸಂಖ್ಯೆ ಯಾವ ತೀರ್ಮಾನಕ್ಕೆ ಬೇಕು ಎಂದು. ಡಾಪ್ಲರ್ ಕೊಡುವ ವೇಗಕ್ಕೆ ತನ್ನಷ್ಟಕ್ಕೆ ತಾನೇ ಬೆಲೆಯಿಲ್ಲ. ಅದನ್ನು ಒಂದು ಗಡಿಯ ಸಂಖ್ಯೆಯೊಡನೆ ಹೋಲಿಸಿದಾಗಲೇ ಚಿಕಿತ್ಸೆಯ ಮಾತು ಬರುತ್ತದೆ. ಅಮೆರಿಕದ ರೇಡಿಯಾಲಜಿಸ್ಟರ ಸಂಘವೊಂದು 2003ರಲ್ಲಿ ಪ್ರಕಟಿಸಿದ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಒಮ್ಮತದ ಪ್ರಕಾರ, ಒಳ ಕ್ಯಾರೊಟಿಡ್ ನಾಳದಲ್ಲಿ ಹೃದಯ ಸಂಕುಚಿಸುವಾಗಿನ ಗರಿಷ್ಠ ವೇಗ, ಅಂದರೆ ಪಿಎಸ್‌ವಿ, ಸೆಕೆಂಡಿಗೆ 125 ಸೆಂ.ಮೀ.ಗಿಂತ ಕಡಿಮೆಯಿದ್ದರೆ ನಾಳ ಶೇ. 50ರಷ್ಟು ಕಿರಿದಾಗಿಲ್ಲ, 125ರಿಂದ 230ರವರೆಗೆ ಇದ್ದರೆ ಶೇ. 50ರಿಂದ 69ರಷ್ಟು, 230 ದಾಟಿದರೆ ಶೇ. 70 ಅಥವಾ ಅದಕ್ಕಿಂತ ಹೆಚ್ಚು. ಮಹಾಪಧಮನಿ ಕವಾಟದ ಕಿರಿದಾಗುವಿಕೆಯಲ್ಲಿ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ತೀವ್ರ ಎಂದು ಲೆಕ್ಕ. ಇಂಥ ಗಡಿಗಳು ಒಂದೊಂದೂ ಒಂದು ನಿರ್ದಿಷ್ಟ ಅಳತೆಯ ವಿಧಾನದಿಂದ ಹುಟ್ಟಿದವು. ಆದ್ದರಿಂದ ವಿಧಾನವನ್ನು ಬದಲಿಸಿಕೊಂಡು ಗಡಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರೆ, ಹೆಚ್ಚು ನಿಖರವಾದ ಯಂತ್ರವೇ ಹೆಚ್ಚು ತಪ್ಪು ವರದಿಯನ್ನು ಕೊಡಬಹುದು. ಮುಂದಿನ ಹೋಲಿಕೆಯುದ್ದಕ್ಕೂ ನಾನು ಹೆಚ್ಚು ತೂಕ ಕೊಟ್ಟಿರುವುದು ಈ ಅಂಶಕ್ಕೆ.

ಎರಡನೆಯದು ಕೋನ. ಪ್ರತಿಧ್ವನಿಯ ಆವರ್ತನದಲ್ಲಿ ಆಗುವ ಬದಲಾವಣೆಯು ರಕ್ತದ ವೇಗವನ್ನಷ್ಟೇ ಅಲ್ಲ, ಶಬ್ದದ ಕಿರಣಕ್ಕೂ ಹರಿವಿಗೂ ನಡುವಿನ ಕೋನದ ಕೊಸೈನನ್ನೂ ಅವಲಂಬಿಸಿದೆ. ನಿಜವಾದ ಕೋನ 60 ಡಿಗ್ರಿ ಇದ್ದು, ನಾವು ಪರದೆಯ ಮೇಲೆ 65 ಎಂದು ಗುರುತಿಸಿದರೆ ವೇಗ ಸುಮಾರು ಶೇ. 18ರಷ್ಟು ಹೆಚ್ಚಾಗಿ ಬರುತ್ತದೆ. 55 ಎಂದರೆ ಸುಮಾರು ಶೇ. 13ರಷ್ಟು ಕಡಿಮೆಯಾಗುತ್ತದೆ. ಮೇಲೆ ಹೇಳಿದ 183 ಮತ್ತು 248ರ ನಡುವೆ ಇರುವುದು ಇಷ್ಟೇ: ನಿಜವಾದ ವೇಗ 210, ಕೋನದ ಗೆರೆ ಅತ್ತ ಐದು ಡಿಗ್ರಿ, ಇತ್ತ ಐದು ಡಿಗ್ರಿ. ಒಂದು ವರದಿ ಮಧ್ಯಮ ಎನ್ನುತ್ತದೆ, ಇನ್ನೊಂದು ತೀವ್ರ ಎನ್ನುತ್ತದೆ. ಅದೇ ಐದು ಡಿಗ್ರಿ ತಪ್ಪು 30ರ ಕೋನದಲ್ಲಾದರೆ ಶೇ. 6ರ ಆಸುಪಾಸಿನಲ್ಲಿ ಮುಗಿಯುತ್ತದೆ. 75ರ ಕೋನದಲ್ಲಾದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. 60 ಡಿಗ್ರಿ ಮೀರಬಾರದು ಎಂಬ ನಿಯಮಕ್ಕೆ ಇದೇ ಕಾರಣ.

ಮೂರನೆಯದು, ಆ ವಿಧಾನ ಎಷ್ಟು ಆಳದಲ್ಲಿ ಎಷ್ಟು ವೇಗದವರೆಗೆ ಅಳೆಯಬಲ್ಲದು ಎಂಬುದು. ಒಂದು ಪಲ್ಸ್ ಹೋಗಿ ಮರಳುವವರೆಗೆ ಮುಂದಿನದನ್ನು ಕಳಿಸುವಂತಿಲ್ಲವಾದ್ದರಿಂದ, ಆಳ ಹೆಚ್ಚಿದಂತೆ ಅಳೆಯಬಹುದಾದ ವೇಗ ಕುಗ್ಗುತ್ತದೆ. ಮಿತಿ ದಾಟಿದರೆ ಅಲಿಯಾಸಿಂಗ್ ಆಗಿ, ಅಂದರೆ ವೇಗವನ್ನು ಯಂತ್ರ ತಪ್ಪಾಗಿ ಓದಿ, ವೇಗದ ಏರಿಳಿತ ತೋರಿಸುವ ಗ್ರಾಫ್ ಆದ ಸ್ಪೆಕ್ಟ್ರಮ್‌ನ ತಲೆ ಕೆಳಗಿನಿಂದ ಇಣುಕುತ್ತದೆ. ನಾಲ್ಕನೆಯದು, ಇಂದು ಅಳೆದದ್ದನ್ನು ಆರು ತಿಂಗಳ ಮೇಲೆ ಬೇರೊಬ್ಬರು ಅಳೆದರೂ ಅದೇ ಉತ್ತರ ಬರುತ್ತದೆಯೇ ಎಂಬುದು. ಹಣ ಮತ್ತು ಸಮಯದ ಲೆಕ್ಕ ಇದ್ದೇ ಇದೆ.

ಇರುವ ಪಲ್ಸ್ಡ್ ವೇವ್ ಅನ್ನೇ ಶಿಸ್ತಿಗೆ ತರುವುದು

ಪಲ್ಸ್ಡ್ ವೇವ್ ಎಂದರೆ ಶಬ್ದವನ್ನು ಬಿಡಿಬಿಡಿ ಪಲ್ಸ್‌ಗಳಾಗಿ ಕಳಿಸಿ, ಆರಿಸಿದ ಒಂದು ಜಾಗದ ವೇಗವನ್ನು ಅಳೆಯುವ ಡಾಪ್ಲರ್. ಖರ್ಚಿಲ್ಲದ ಈ ಆಯ್ಕೆಯೇ ಬಹುಪಾಲು ಸೆಂಟರುಗಳಿಗೆ ಅತ್ಯಂತ ಫಲಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇಲೆ ಹೇಳಿದ ಕ್ಯಾರೊಟಿಡ್ ಗಡಿಗಳು ಹುಟ್ಟಿದ್ದು ಕೋನ ತಿದ್ದಿದ ಪಲ್ಸ್ಡ್ ವೇವ್ ಸ್ಪೆಕ್ಟ್ರಮ್‌ನಿಂದ. ಹಾಗಾಗಿ ಮೊದಲನೆಯ ಮಾನದಂಡದಲ್ಲಿ ಇದಕ್ಕೆ ಸಾಟಿಯಿಲ್ಲ. ಅದರ ದೌರ್ಬಲ್ಯವೆಲ್ಲ ಕೋನದಲ್ಲಿದೆ, ಮತ್ತು ಕೋನದ ತಪ್ಪು ಬಹಳಮಟ್ಟಿಗೆ ಕೈಯ ತಪ್ಪು.

ಪರೀಕ್ಷೆಯ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ. ಕಪ್ಪುಬಿಳುಪು ಚಿತ್ರ ಕೊಡುವ ಬಿ-ಮೋಡ್‌ನಲ್ಲಿ ನಾಳದ ಎರಡೂ ಗೋಡೆಗಳು ಚೂಪಾಗಿ ಕಾಣುವಂತೆ ಉದ್ದಕ್ಕೆ ಹಿಡಿದಾಗ ಕತ್ತಿನ ನಾಳ ಚರ್ಮಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿರುತ್ತದೆ. ಕಿರಣವನ್ನು ಸುಮಾರು 20 ಡಿಗ್ರಿ ಸ್ಟಿಯರ್ ಮಾಡಿದರೂ (ಓರೆಯಾಗಿಸಿದರೂ) ಕೋನ 70ರ ಹತ್ತಿರವೇ ನಿಲ್ಲುತ್ತದೆ. ಇಲ್ಲಿ ಕೋನದ ಗೆರೆಯನ್ನು ಸುಮ್ಮನೆ 60ಕ್ಕೆ ತಿರುಗಿಸಿಟ್ಟು ಅಳೆಯುವುದು ಎಲ್ಲೆಡೆ ಕಾಣುವ ಚಾಳಿ. ಅದು ಕೋನವನ್ನು ತಿದ್ದಿದಂತಲ್ಲ, ಕೋನವನ್ನು ಊಹಿಸಿದಂತೆ. ಬದಲಿಗೆ ಪ್ರೋಬಿನ ಒಂದು ತುದಿಯನ್ನು ತುಸು ಅದುಮಿ, ಇನ್ನೊಂದು ತುದಿಯಡಿ ಜೆಲ್ ತುಂಬಿಕೊಳ್ಳಲು ಬಿಟ್ಟರೆ ನಾಳವೇ ಪರದೆಯಲ್ಲಿ ಓರೆಯಾಗಿ, ಕೋನ ನಿಜವಾಗಿಯೂ 60ಕ್ಕೆ ಇಳಿಯುತ್ತದೆ. ಆಮೇಲೆ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ, ಬಣ್ಣ ಒಡೆದು ಚುಕ್ಕಿಚುಕ್ಕಿಯಾಗಿ ಕಾಣುವ ಜಾಗಕ್ಕೆ ಸುಮಾರು 2 ಮಿ.ಮೀ.ಯ ಗೇಟನ್ನು (ಅಳೆಯುವ ಜಾಗದ ಗುರುತನ್ನು) ಒಯ್ದು, ಕಿರಿದಾದ ಭಾಗದ ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಸರಿಸಿಕೊಂಡು ಹೋಗಬೇಕು. ಸ್ಪೀಕರಿನ ಸದ್ದು ಎಲ್ಲಿ ಅತ್ಯಂತ ಕೀರಲಾಗುತ್ತದೋ ಅಲ್ಲಿ ನಿಲ್ಲಿಸಿ ದಾಖಲಿಸಬೇಕು. ಕಣ್ಣಿಗಿಂತ ಕಿವಿ ಇಲ್ಲಿ ಮುಂದಿರುತ್ತದೆ.

ಗೇನ್ (ಸಂಕೇತವನ್ನು ವರ್ಧಿಸುವ ಪ್ರಮಾಣ) ಹೆಚ್ಚಿದ್ದರೆ ಸ್ಪೆಕ್ಟ್ರಮ್‌ನ ಅಂಚು ಊದಿಕೊಂಡು ಪಿಎಸ್‌ವಿ ಏರುತ್ತದೆ. ಹಿನ್ನೆಲೆಯಲ್ಲಿ ಗದ್ದಲದ ಚುಕ್ಕಿಗಳು ಕಾಣುವವರೆಗೆ ಏರಿಸಿ, ಅವು ಮಾಯವಾಗುವಷ್ಟು ಇಳಿಸುವುದು ಸರಳವಾದ ರೂಢಿ. ನಾಳದ ಗೋಡೆಯ ನಿಧಾನ ಚಲನೆಯನ್ನು ಸೋಸುವ ವಾಲ್ ಫಿಲ್ಟರ್ ಜಾಸ್ತಿಯಾದರೆ ಡಯಾಸ್ಟಲಿಯ, ಅಂದರೆ ಹೃದಯ ಸಡಿಲಗೊಂಡಾಗಿನ, ನಿಧಾನದ ಹರಿವು ಅಳಿಸಿಹೋಗುತ್ತದೆ. ಅಲಿಯಾಸಿಂಗ್ ಕಂಡರೆ ವೇಗದ ಸ್ಕೇಲ್ ಏರಿಸಿ, ಬೇಸ್‌ಲೈನ್ (ಶೂನ್ಯದ ಗೆರೆ) ಇಳಿಸಿ, ಅದೂ ಸಾಲದಿದ್ದರೆ ಕಡಿಮೆ ಆವರ್ತನಕ್ಕೆ ಹೋಗಬೇಕು.

ಇಷ್ಟೆಲ್ಲ ಮಾಡಿದರೂ ಉಳಿಯುವ ಒಂದು ದೋಷವಿದೆ. ಪ್ರೋಬ್ ಒಂದು ಬಿಂದುವಲ್ಲ. ಅದರಲ್ಲಿ ಶಬ್ದ ಕಳಿಸಿ ಕೇಳುವ ಅಕ್ಕಪಕ್ಕದ ಎಲಿಮೆಂಟುಗಳು ಒಂದೇ ರಕ್ತಕಣವನ್ನು ಬೇರೆಬೇರೆ ಕೋನಗಳಿಂದ ನೋಡುತ್ತವೆ, ಮತ್ತು ಕಡಿಮೆ ಕೋನದಿಂದ ನೋಡುವ ತುದಿ ಸ್ಪೆಕ್ಟ್ರಮ್‌ನ ಮೇಲಂಚನ್ನು ಹಿಗ್ಗಿಸುತ್ತದೆ. ಹೀಗಾಗಿ ಕೋನವನ್ನು ಸರಿಯಾಗಿ ಗುರುತಿಸಿದರೂ ಗರಿಷ್ಠ ವೇಗ ನಿಜಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ, ಕೋನ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಒಬ್ಬ ರೋಗಿಯ ಮುಂದಿನ ಭೇಟಿಗಳಲ್ಲಿ ಮೊದಲ ಸಲದ ಕೋನದಲ್ಲಿಯೇ ಅಳೆಯಬೇಕು ಎನ್ನುವುದು ಇದಕ್ಕಾಗಿ.

ಕಂಟಿನ್ಯುಯಸ್ ವೇವ್

ಹೃದಯದ ಕವಾಟಗಳ ವಿಷಯಕ್ಕೆ ಬಂದರೆ ಆಯ್ಕೆಯ ಪ್ರಶ್ನೆಯೇ ಹೆಚ್ಚು ಉಳಿಯುವುದಿಲ್ಲ. 2 ಮೆಗಾಹರ್ಟ್ಸ್‌ನಲ್ಲಿ 12 ಸೆಂ.ಮೀ. ಆಳದಲ್ಲಿ ಪಲ್ಸ್ಡ್ ವೇವ್‌ಗೆ ಅಲಿಯಾಸಿಂಗ್ ಇಲ್ಲದೆ ಸಿಗುವುದು ಸೆಕೆಂಡಿಗೆ ಸುಮಾರು 1.2 ಮೀಟರ್, ಬೇಸ್‌ಲೈನನ್ನು ತುದಿಗೆ ಸರಿಸಿದರೂ ಎರಡೂವರೆ ಮೀಟರಿನೊಳಗೆ. 4 ಮೀಟರಿನ ಗಡಿಯನ್ನು ಅದರಿಂದ ತೀರ್ಮಾನಿಸಲಾಗದು. ಕಂಟಿನ್ಯುಯಸ್ ವೇವ್‌ನಲ್ಲಿ ಒಂದು ಭಾಗ ಸದಾ ಕಳಿಸುತ್ತ, ಇನ್ನೊಂದು ಸದಾ ಕೇಳುತ್ತ ಇರುವುದರಿಂದ ವೇಗಕ್ಕೆ ಮಿತಿಯಿಲ್ಲ. ಅದಕ್ಕೆ ತೆರುವ ಬೆಲೆಯೆಂದರೆ, ಸಂಕೇತ ಎಷ್ಟು ಆಳದಿಂದ ಬಂತು ಎಂದು ತಿಳಿಯದು. ಮೈಟ್ರಲ್ ಕವಾಟದ ಸೋರಿಕೆಯ ರಭಸವನ್ನು ಮಹಾಪಧಮನಿ ಕವಾಟದ್ದೆಂದು ತಪ್ಪಾಗಿ ಓದುವ ಅಪಾಯ ನಿಜವಾದದ್ದು. ಸೋರಿಕೆಯ ಅಲೆ ಮೊದಲೇ ಆರಂಭವಾಗಿ ಹೆಚ್ಚು ಹೊತ್ತು ಇರುತ್ತದೆ ಎಂಬುದನ್ನು ಇಸಿಜಿ ಗೆರೆಯೊಡನೆ ಹೊಂದಿಸಿ ನೋಡಿದರೆ ಈ ಗೊಂದಲ ತಪ್ಪುತ್ತದೆ.

ಇಲ್ಲಿ ಕೋನವನ್ನು ಪರದೆಯ ಮೇಲೆ ತಿದ್ದುವ ಪದ್ಧತಿ ಇಲ್ಲ. ಕಿರಣವನ್ನೇ ಹರಿವಿಗೆ ಸಮಾನಾಂತರ ಮಾಡಬೇಕು. ತಪ್ಪಿದರೆ ವೇಗ ಕಡಿಮೆಯೇ ಆಗುತ್ತದೆ, ಹೆಚ್ಚಾಗುವುದಿಲ್ಲ. ನಿಜವಾದ ವೇಗ 4.2 ಮೀಟರ್ ಇದ್ದು 20 ಡಿಗ್ರಿ ಓರೆಯಾದರೆ 3.95 ಬರುತ್ತದೆ, ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿ ತೆಗೆಯುವ ಒತ್ತಡದ ಅಂತರ 71ರಿಂದ 62 ಮಿ.ಮೀ. ಪಾದರಸಕ್ಕೆ ಇಳಿಯುತ್ತದೆ, ಮತ್ತು ರೋಗಿ ತೀವ್ರದ ಗಡಿಯ ಕೆಳಗೆ ಜಾರುತ್ತಾರೆ. ಆದ್ದರಿಂದ ಹೃದಯದ ಎಕೋ ಮಾಡುವವರು ಹೂಡಬೇಕಾದ ಹಣ ದುಬಾರಿ ಸಾಫ್ಟ್‌ವೇರಿಗಲ್ಲ, ಪೆನ್ಸಿಲ್ ಪ್ರೋಬಿಗೆ. ಚಿತ್ರ ಕೊಡದ ಈ ಸಣ್ಣ ಪ್ರೋಬ್ ಪಕ್ಕೆಲುಬುಗಳ ನಡುವೆ, ಎದೆಮೂಳೆಯ ಮೇಲಿನ ಕುಳಿಯಲ್ಲಿ ಸಲೀಸಾಗಿ ಕೂರುತ್ತದೆ. ಎದೆಯ ಬಲಭಾಗದಿಂದಲೂ ನೋಡಿ, ಸಿಕ್ಕ ಎಲ್ಲ ಕಿಟಕಿಗಳ (ಪ್ರೋಬ್ ಇಟ್ಟು ನೋಡುವ ಜಾಗಗಳ) ಪೈಕಿ ಅತಿ ಹೆಚ್ಚಿನ ವೇಗವನ್ನು ತೆಗೆದುಕೊಳ್ಳಬೇಕು.

ಕಲರ್ ಮತ್ತು ಪವರ್ ಡಾಪ್ಲರ್

ಇವು ದಾರಿ ತೋರಿಸುವವು, ಅಳೆಯುವವಲ್ಲ. ಜಪಾನಿನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಆಟೋಕೋರಿಲೇಶನ್ ಲೆಕ್ಕದ ಮೇಲೆ ನಿಂತ ಕಲರ್ ಡಾಪ್ಲರ್, ಪ್ರತಿ ಗೆರೆಗೂ ಕೆಲವೇ ಪಲ್ಸ್‌ಗಳನ್ನು ಕಳಿಸಿ ಸರಾಸರಿ ವೇಗವನ್ನು ಬಣ್ಣವಾಗಿ ತೋರಿಸುತ್ತದೆ. ಗಡಿಗಳು ಕೇಳುವುದು ಗರಿಷ್ಠ ವೇಗವನ್ನು. ಪವರ್ ಡಾಪ್ಲರ್ ವೇಗವನ್ನು ಹೇಳುವುದೇ ಇಲ್ಲ. ಸಣ್ಣ ನಾಳದಲ್ಲಿ ಹರಿವಿದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾದಾಗ ಅದು ಉತ್ತಮ.

ಅನುಪಾತಗಳನ್ನು ನೆಚ್ಚುವುದು

ಒಂದು ವೇಗವನ್ನು ಇನ್ನೊಂದರಿಂದ ಭಾಗಿಸುವಾಗ ಕೋನವು ಎರಡೂ ಕಡೆ ಒಂದೇ ಆಗಿದ್ದರೆ ಭಾಗಾಕಾರದಲ್ಲಿ ಅದು ತಾನಾಗಿಯೇ ಕಳೆದುಹೋಗುತ್ತದೆ. ಗರ್ಭಿಣಿಯರಲ್ಲಿ ಹೊಕ್ಕುಳಬಳ್ಳಿಯ ಅಪಧಮನಿಯ ಪಿಐ, ಆರ್‌ಐ ಎಂಬ ಅನುಪಾತದ ಸೂಚ್ಯಂಕಗಳು ಇಷ್ಟು ಗಟ್ಟಿಯಾಗಿ ನಿಂತಿರುವುದು ಇದರಿಂದಲೇ: ಬಳ್ಳಿ ಸುರುಳಿ ಸುತ್ತಿಕೊಂಡಿರುವಲ್ಲಿ ಕೋನ ಅಳೆಯುವುದೇ ಅಸಾಧ್ಯ, ಆದರೆ ಅನುಪಾತಕ್ಕೆ ಅದು ಬೇಕಾಗಿಯೂ ಇಲ್ಲ. ಕ್ಯಾರೊಟಿಡ್‌ನಲ್ಲಿ ಒಳ ನಾಳದ ಪಿಎಸ್‌ವಿಯನ್ನು ಕವಲೊಡೆಯುವ ಮೊದಲಿನ ಕಾಮನ್ ಕ್ಯಾರೊಟಿಡ್ ನಾಳದ್ದರಿಂದ ಭಾಗಿಸಿ, 4 ದಾಟಿದರೆ ಶೇ. 70 ಎನ್ನುವ ಗಡಿಯೂ 2003ರ ಒಮ್ಮತದಲ್ಲಿದೆ. ಹೃದಯ ದುರ್ಬಲವಾಗಿ ಇಡೀ ದೇಹದಲ್ಲಿ ಹರಿವೇ ಕುಗ್ಗಿರುವವರಲ್ಲಿ, ಅಥವಾ ಇನ್ನೊಂದು ಬದಿಯ ನಾಳ ಮುಚ್ಚಿಹೋಗಿ ಈ ಬದಿಯಲ್ಲಿ ವೇಗ ಏರಿರುವವರಲ್ಲಿ, ಬರಿಯ ಪಿಎಸ್‌ವಿಗಿಂತ ಈ ಅನುಪಾತವನ್ನೇ ಹೆಚ್ಚು ನಂಬಬಹುದು. ಒಂದು ನಷ್ಟವೆಂದರೆ, ಎರಡು ಕಡೆ ಎರಡು ಬೇರೆ ಕೋನಗಳಲ್ಲಿ ಅಳೆದರೆ ತಪ್ಪುಗಳು ಕಳೆದುಹೋಗುವ ಬದಲು ಕೂಡಿಕೊಳ್ಳಬಹುದು.

ಗರ್ಭಸ್ಥ ಶಿಶುವಿನ ಮೆದುಳಿನ ಮಧ್ಯ ಅಪಧಮನಿಗೆ ಮಾತ್ರ ಅನುಪಾತ ಸಾಲದು. ಶಿಶುವಿನ ರಕ್ತಹೀನತೆಯನ್ನು ಊಹಿಸಲು 2000ದಿಂದೀಚೆಗೆ ಬಳಕೆಗೆ ಬಂದಿರುವುದು ಆ ವಾರದ ಮಧ್ಯಕ ಬೆಲೆಯ ಒಂದೂವರೆ ಪಟ್ಟು ಪಿಎಸ್‌ವಿ ಎಂಬ ಗಡಿ. ಅದನ್ನು ಕೋನ ಶೂನ್ಯದ ಹತ್ತಿರ ಬರುವಂತೆ ಹಿಡಿದು, ಕೋನ ತಿದ್ದದೆಯೇ ಅಳೆಯಬೇಕು. ಶಿಶು ಅನುಕೂಲವಾಗಿ ತಿರುಗುವವರೆಗೆ ಕಾಯುವ ತಾಳ್ಮೆಗೆ ಯಾವ ತಂತ್ರಾಂಶವೂ ಬದಲಿಯಲ್ಲ. ಪಲ್ಸ್ಡ್ ಡಾಪ್ಲರ್ ಒಂದೇ ಜಾಗಕ್ಕೆ ಹೆಚ್ಚು ಶಕ್ತಿ ಕಳಿಸುವುದರಿಂದ ಪರದೆಯ ಮೂಲೆಯಲ್ಲಿರುವ ಟಿಐ (ಅಂಗಾಂಶ ಬಿಸಿಯಾಗುವ ಸಾಧ್ಯತೆಯ ಸೂಚ್ಯಂಕ) ಸಂಖ್ಯೆಯ ಮೇಲೂ ಒಂದು ಕಣ್ಣಿರಲಿ. ಮೊದಲ ತ್ರೈಮಾಸಿಕದಲ್ಲಿ ಅದು 1 ಮೀರಬಾರದು.

ವೆಕ್ಟರ್ ಫ್ಲೋ

ಹೆಚ್ಚು ಚರ್ಚೆಯಲ್ಲಿರುವ ಆಯ್ಕೆ ಇದು, ಮಾರಾಟಗಾರರು ಮೊದಲು ತೋರಿಸುವುದೂ ಇದನ್ನೇ. ಕಿರಣದ ದಿಕ್ಕಿನ ವೇಗವನ್ನಷ್ಟೇ ಅಲ್ಲದೆ ಅಡ್ಡ ದಿಕ್ಕಿನದನ್ನೂ ಲೆಕ್ಕ ಹಾಕಿ, ಪ್ರತಿ ಬಿಂದುವಿನಲ್ಲೂ ಹರಿವಿನ ದಿಕ್ಕು ಮತ್ತು ವೇಗವನ್ನು ಬಾಣಗಳಾಗಿ ತೋರಿಸುವ ವಿಧಾನಗಳಿಗೆ ಈ ಹೆಸರು. ಡೆನ್ಮಾರ್ಕಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ, ಶಬ್ದದ ಕ್ಷೇತ್ರದಲ್ಲಿಯೇ ಅಡ್ಡ ಅಲೆಯೊಂದನ್ನು ಮೂಡಿಸುವ ತಂತ್ರ ಒಂದು ದಾರಿ. ಹಲವು ಕೋನಗಳಿಂದ ಕಳಿಸಿ ಕೇಳಿ ಲೆಕ್ಕ ಜೋಡಿಸುವುದು ಇನ್ನೊಂದು.

ಕೋನದ ಮಾನದಂಡದಲ್ಲಿ ಇದು ನಿಸ್ಸಂದೇಹವಾಗಿ ಮುಂದು. ಕ್ಯಾರೊಟಿಡ್ ಕವಲಿನ ಬಳಿ ರಕ್ತ ಗೋಡೆಗೆ ಸಮಾಂತರವಾಗಿ ಹರಿಯುವುದಿಲ್ಲ. ನಾಳವನ್ನು ಕಿರಿದಾಗಿಸಿದ ಕೊಬ್ಬಿನ ಪದರದ (ಪ್ಲಾಕ್) ಪಕ್ಕದಿಂದ ಓರೆಯಾಗಿ ಚಿಮ್ಮಿ, ಆಚೆ ಸುಳಿಯಾಗಿ ತಿರುಗುತ್ತದೆ. ಗೆರೆಯನ್ನು ಗೋಡೆಗೆ ಹೊಂದಿಸಬೇಕೇ, ಚಿಮ್ಮುವ ಧಾರೆಗೆ ಹೊಂದಿಸಬೇಕೇ ಎಂಬ ಹಳೆಯ ವಾದಕ್ಕೆ ವೆಕ್ಟರ್ ಫ್ಲೋ ಚಿತ್ರ ಕಣ್ಣೆದುರಿನ ಉತ್ತರ ಕೊಡುತ್ತದೆ. ಸ್ಕ್ಯಾನ್ ಮಾಡುವ ಕೈ ಬದಲಾದರೂ ಫಲಿತಾಂಶ ಕಡಿಮೆ ಬದಲಾಗುತ್ತದೆ.

ತೊಡಕಿರುವುದು ಮೊದಲನೆಯ ಮಾನದಂಡದಲ್ಲಿ. ಇದು ಪ್ರತಿ ಬಿಂದುವಿನಲ್ಲೂ ಸರಾಸರಿಗೆ ಹತ್ತಿರದ ವೇಗವನ್ನು ಕೊಡುತ್ತದೆ, ಮತ್ತು ಸ್ಪೆಕ್ಟ್ರಮ್ ಹಿಗ್ಗುವ ದೋಷ ಇದರಲ್ಲಿ ಆ ರೀತಿಯಲ್ಲಿ ಸೇರುವುದಿಲ್ಲ. ಆದ್ದರಿಂದ ಅದೇ ನಾಳದಲ್ಲಿ ಇದರ ಗರಿಷ್ಠ ವೇಗ ಸಾಂಪ್ರದಾಯಿಕ ಪಿಎಸ್‌ವಿಗಿಂತ ಕಡಿಮೆ ಬರುವುದು ಸಹಜ. ಆ ಸಂಖ್ಯೆಯನ್ನು ತಂದು 230ರ ಗಡಿಯ ಪಕ್ಕದಲ್ಲಿಟ್ಟರೆ ಶಸ್ತ್ರಚಿಕಿತ್ಸೆ ಬೇಕಾದವರು ಮಧ್ಯಮ ವರ್ಗಕ್ಕೆ ಇಳಿಯಬಹುದು. ಜೊತೆಗೆ ಆಳದ ನಾಳಗಳಲ್ಲಿ ಅಡ್ಡ ದಿಕ್ಕಿನ ಲೆಕ್ಕ ಸಡಿಲವಾಗುತ್ತದೆ. ಕತ್ತು, ಕೈಕಾಲು, ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ (ಅಪಧಮನಿ ಮತ್ತು ಅಭಿಧಮನಿಯ ಜೋಡಣೆ) ಮೊದಲಾದ ಮೇಲ್ಮಟ್ಟದ ನಾಳಗಳೇ ಇದಕ್ಕೆ ಹೇಳಿದ ಜಾಗ. ಫಿಸ್ಟುಲಾದಲ್ಲಿ ಹರಿವು ಎಷ್ಟು ಗಜಿಬಿಜಿಯೆಂದರೆ ಅಲ್ಲಿ ಕೋನದ ಗೆರೆ ಎಳೆಯುವುದೇ ಕಷ್ಟ. ಕೊಳ್ಳುವ ಕಾರಣ ಅದಾಗಿದ್ದರೆ ನಾನು ಒಪ್ಪುತ್ತೇನೆ.

ಅಲ್ಟ್ರಾಫಾಸ್ಟ್ ಡಾಪ್ಲರ್

ಗೆರೆಗೆರೆಯಾಗಿ ಕಳಿಸುವ ಬದಲು ಇಡೀ ಕ್ಷೇತ್ರಕ್ಕೆ ಒಮ್ಮೆಗೇ ಚಪ್ಪಟೆ ಅಲೆಯನ್ನು ಕಳಿಸಿದರೆ ಸೆಕೆಂಡಿಗೆ ಸಾವಿರಾರು ಚಿತ್ರಗಳು ಸಿಗುತ್ತವೆ. ಪ್ಯಾರಿಸ್ಸಿನ ಪ್ರಯೋಗಾಲಯಗಳಲ್ಲಿ ಬೆಳೆದ ಈ ತಂತ್ರದ ದೊಡ್ಡ ಲಾಭವೆಂದರೆ, ಕೆಲವು ಸೆಕೆಂಡುಗಳನ್ನು ದಾಖಲಿಸಿಕೊಂಡು ರೋಗಿಯನ್ನು ಕಳಿಸಿದ ಮೇಲೆಯೂ ಬೇಕಾದ ಬಿಂದುವಿನಲ್ಲಿ ಗೇಟ್ ಇಟ್ಟು ಸ್ಪೆಕ್ಟ್ರಮ್ ತೆಗೆಯಬಹುದು. ಒಂದೇ ಹೃದಯಬಡಿತದ ಹತ್ತು ಜಾಗಗಳನ್ನು ಹೋಲಿಸಬಹುದು. ಆದರೆ ಶಬ್ದದ ವೇಗ ಯಾರಿಗೂ ರಿಯಾಯಿತಿ ಕೊಡುವುದಿಲ್ಲ: 4 ಸೆಂ.ಮೀ. ಆಳಕ್ಕೆ ಹೋಗಿಬರಲು 52 ಮೈಕ್ರೊಸೆಕೆಂಡು ಬೇಕೇ ಬೇಕು, ಹಾಗಾಗಿ ಅಲಿಯಾಸಿಂಗ್ ಇಲ್ಲಿಯೂ ಇದೆ. ಹಲವು ಓರೆಗಳ ಅಲೆಗಳನ್ನು ಕೂಡಿಸಿದಷ್ಟೂ ಅದು ಬೇಗ ಬರುತ್ತದೆ. ಕೋನವನ್ನೂ ನಾವೇ ತಿದ್ದಬೇಕು. ಸಂಶೋಧನೆ ಮಾಡುವ ವೈದ್ಯಕೀಯ ಕಾಲೇಜಿಗೆ ಇದು ನಿಧಿ. ದಿನಕ್ಕೆ ಮೂವತ್ತು ಜನರನ್ನು ನೋಡುವ ಸೆಂಟರಿಗೆ ಹೊರೆ.

ರಕ್ತಕ್ಕೆ ಸೇರಿಸುವ ಸೂಕ್ಷ್ಮ ಗುಳ್ಳೆಗಳಾದ ಮೈಕ್ರೊಬಬಲ್ ಕಾಂಟ್ರಾಸ್ಟ್ ಬಗ್ಗೆಯೂ ಕೆಲವರು ವಿಚಾರಿಸುತ್ತಾರೆ. ಸಂಕೇತವೇ ಸಿಗದ ಕಡೆ ಅದು ಸಂಕೇತ ತರಿಸುತ್ತದೆ ನಿಜ. ಆದರೆ ಗೇನ್ ಏರಿಸಿದಂತೆಯೇ ಅಳತೆಯ ಗರಿಷ್ಠ ವೇಗವನ್ನೂ ಏರಿಸುತ್ತದೆ. ವೇಗದ ನಿಖರತೆಗಾಗಿ ಅದನ್ನು ಆರಿಸಬಾರದು.

ಗಡಿಯೂ ವಿಧಾನವೂ ಬೇರ್ಪಟ್ಟಾಗ: ಕುಡಗೋಲು ಕಣ ರೋಗದ ಉದಾಹರಣೆ

ಕುಡಗೋಲು ಕಣ ರೋಗವಿರುವ (ಸಿಕಲ್ ಸೆಲ್) ಮಕ್ಕಳಲ್ಲಿ ಪಾರ್ಶ್ವವಾಯುವಿನ ಅಪಾಯವನ್ನು ಮೊದಲೇ ಗುರುತಿಸಲು ಮೆದುಳಿನ ನಾಳಗಳ ಡಾಪ್ಲರ್ ಮಾಡುತ್ತಾರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು, ಸರಾಸರಿ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಮೊದಲ ಪಾರ್ಶ್ವವಾಯು ಶೇ. 90ಕ್ಕೂ ಹೆಚ್ಚು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆ 200 ಬಂದದ್ದು ಚಿತ್ರವಿಲ್ಲದ, ಕೋನ ತಿದ್ದದ 2 ಮೆಗಾಹರ್ಟ್ಸ್ ಯಂತ್ರದಿಂದ. ಇಂದು ಹೆಚ್ಚಿನ ಕಡೆ ಇರುವುದು ಚಿತ್ರ ತೋರಿಸುವ ಯಂತ್ರ, ಅದು ಕೋನ ತಿದ್ದದೆ ಅಳೆದಾಗ ಅದೇ ಮಗುವಿನಲ್ಲಿ ತುಸು ಕಡಿಮೆ ಓದುವ ಪ್ರವೃತ್ತಿ ಇದೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ರೋಗವಿದೆ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಡಿ ತಪಾಸಣೆಯೂ ಹೆಚ್ಚುತ್ತಿದೆ. ಆ ಭಾಗದ ಆಸ್ಪತ್ರೆ ಯಾವ ಯಂತ್ರ ಬಳಸಿತು ಎಂಬುದನ್ನು ವರದಿಯಲ್ಲಿ ಬರೆಯದೆ 190 ಎಂದಷ್ಟೇ ಬರೆದರೆ ಓದುವ ವೈದ್ಯರಿಗೆ ಅದು ಅರೆ ಮಾಹಿತಿ. ಅಂಥಲ್ಲಿ ನನ್ನ ಆಯ್ಕೆ ಚಿತ್ರವಿಲ್ಲದ ಸರಳ ಯಂತ್ರವೇ. ದರದಲ್ಲಿಯೂ ಅದು ಹಗುರ.

ಯಾರಿಗೆ ಯಾವುದು

ತಾಲ್ಲೂಕು ಮಟ್ಟದ ಸೆಂಟರಿನಲ್ಲಿ ಹೊಟ್ಟೆ, ಗರ್ಭ, ಆಗೊಮ್ಮೆ ಈಗೊಮ್ಮೆ ಕತ್ತು ಮತ್ತು ಕಾಲಿನ ನಾಳ ನೋಡುವವರು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಒಳ್ಳೆಯ ಲೀನಿಯರ್ ಪ್ರೋಬ್, ಎಲ್ಲರೂ ಅನುಸರಿಸುವ ಒಂದೇ ಪುಟದ ಲಿಖಿತ ಕ್ರಮ, ಮತ್ತು ಪ್ರತಿ ವರದಿಯಲ್ಲೂ ಪಿಎಸ್‌ವಿಯ ಪಕ್ಕದಲ್ಲಿ ಕೋನ ಹಾಗೂ ಅನುಪಾತ ಇಷ್ಟಾದರೆ ಸಾಕು. ಸ್ವಲ್ಪ ಹಣ ಉಳಿದಿದ್ದರೆ ಅದನ್ನು ವರ್ಷಕ್ಕೊಮ್ಮೆ ಫ್ಯಾಂಟಮ್ ಪರೀಕ್ಷೆಗೆ ಇಡಿ. ಗೊತ್ತಿರುವ ವೇಗದಲ್ಲಿ ಓಡುವ ದಾರವನ್ನು ನೀರಿನ ತೊಟ್ಟಿಯಲ್ಲಿಟ್ಟು ಯಂತ್ರ ಎಷ್ಟು ಓದುತ್ತದೆ ಎಂದು ನೋಡುವ ಪರೀಕ್ಷೆ ಅದು. ಯಂತ್ರ ಶಬ್ದದ ವೇಗವನ್ನು ಸೆಕೆಂಡಿಗೆ 1540 ಮೀಟರ್ ಎಂದು ಎಣಿಸುತ್ತದೆ, ಕೋಣೆಯ ತಾಪಮಾನದ ಬರಿಯ ನೀರಿನಲ್ಲಿ ಅದು 1480ರ ಆಸುಪಾಸು ಎಂಬ ತಿದ್ದುಪಡಿಯನ್ನು ಮರೆಯಬಾರದು. ನಾಲ್ಕಾರು ಆಸ್ಪತ್ರೆಗಳು ಸೇರಿ ಇಂಥ ಫ್ಯಾಂಟಮ್ ಒಂದನ್ನು ಕೊಂಡು ಸರದಿಯಂತೆ ಬಳಸುವುದು ಬುದ್ಧಿವಂತಿಕೆ.

ನಾಳಗಳ ಶಸ್ತ್ರಚಿಕಿತ್ಸೆ ಅಥವಾ ಡಯಾಲಿಸಿಸ್ ಘಟಕವಿರುವ ದೊಡ್ಡ ಆಸ್ಪತ್ರೆ ವೆಕ್ಟರ್ ಫ್ಲೋ ಕೊಳ್ಳಬಹುದು, ಆದರೆ ಕನಿಷ್ಠ ಮೊದಲ ಕೆಲವು ತಿಂಗಳು ಪ್ರತಿ ರೋಗಿಯಲ್ಲೂ ಎರಡೂ ವಿಧಾನಗಳಲ್ಲಿ ಅಳೆದು, ಸಿಟಿ ಆಂಜಿಯೋಗ್ರಾಂ ಜೊತೆ ಹೋಲಿಸಿ ತಮ್ಮದೇ ಗಡಿಯನ್ನು ಕಂಡುಕೊಳ್ಳಬೇಕು. ಅದಕ್ಕೆ ಬೇಕಾದ ರೋಗಿಗಳ ಸಂಖ್ಯೆಯಾಗಲಿ ಜನರಾಗಲಿ ಇಲ್ಲದಿದ್ದರೆ ಆ ಸೌಲಭ್ಯ ಚಂದದ ಚಿತ್ರವಾಗಿ ಉಳಿಯುತ್ತದೆ.

ಯಾವುದನ್ನು ಆರಿಸಿದರೂ, ಕತ್ತಿಗೆ ಮಾತ್ರ ಬಳಸುತ್ತೇವೆ ಎಂದರೂ, ಅಲ್ಟ್ರಾಸೌಂಡ್ ಚಿತ್ರ ಕೊಡುವ ಯಂತ್ರ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ಜಿಲ್ಲೆಯ ಸಕ್ಷಮ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೂ ಇದೇ ನಿಯಮ. ಬೆಲೆಯ ಮಾತುಕತೆ ಮುಗಿಸುವ ಮೊದಲೇ ಆ ಕಾಗದಪತ್ರ ಸಿದ್ಧವಿರಲಿ.

ಡೆಮೋಗೆ ಬಂದವರು ತಮ್ಮ ಆರೋಗ್ಯವಂತ ಸಹಾಯಕನ ಕತ್ತಿನ ಮೇಲೆ ಬಾಣಗಳನ್ನು ಹಾರಿಸಿ ತೋರಿಸುತ್ತಾರೆ. ಅದನ್ನು ನೋಡಿದ ಮೇಲೆ ನಿಮ್ಮ ಕೈಗೆ ಪ್ರೋಬ್ ಕೇಳಿ ಪಡೆದು, ಒಂದೇ ನಾಳವನ್ನು 40, 50 ಮತ್ತು 60 ಡಿಗ್ರಿಗಳಲ್ಲಿ ಅಳೆದು ಪಿಎಸ್‌ವಿ ಎಷ್ಟು ಏರುತ್ತದೆ ಎಂದು ಬರೆದುಕೊಳ್ಳಿ. ನಿಮ್ಮಲ್ಲಿರುವ ಯಂತ್ರದಲ್ಲಿ ಅದೇ ವ್ಯಕ್ತಿಗೆ ಅದೇ ಮೂರು ಕೋನಗಳಲ್ಲಿ ಮತ್ತೊಮ್ಮೆ ಅಳೆಯಿರಿ. ಎರಡು ಪಟ್ಟಿಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿಲ್ಲದಿದ್ದರೆ ಖರೀದಿಯನ್ನು ಮುಂದೂಡಬಹುದು.